ಚಿತ್ರಕ್ಕೆ ಬೀಗ ಯಾಕೆ?



"ಕಂಪ್ಯೂಟರ್ ಗೇಮ್ ಆಡೋ ಹುಡುಗ್ರು ಕೆಟ್ಟು ಹೋಗ್ತಾರೆ" ಎಂದು ದೊಡ್ಡವರು ಹೇಳುತ್ತಾರೆ. ಹೊತ್ತುಗೊತ್ತಿಲ್ಲದೆ ಆಡಿದರೆ ಅದು ನಿಜವೇ. ಆದರೆ ಗೇಮಿನ ಒಳಗೆ ಏನೈತಿ ಅಂತ ಬಿಚ್ಚಿ ನೋಡುವುದೂ ಒಂದು ಪಾಠ ಎಂಬುದು ನನ್ನ ಅಭಿಪ್ರಾಯ.

ದಸರಾ ರಜೆಯಲ್ಲಿ ಹರಪನಹಳ್ಳಿಯ ಸೋದರಮಾವನ ಮನೆಗೆ ಹೋಗಿದ್ದೆ. ಮಾವನ ಮಗ ಅಣ್ಣ ಒಂದು ಗೇಮಿನ ಫೋಲ್ಡರ್ ತೆರೆದು ತೋರಿಸಿದ. ಗೇಮಿನಲ್ಲಿ ಕಾಣುವ ಮನೆ, ಗೋಡೆ, ಬಂಡೆ ಎಲ್ಲಾ ಬರೀ ಖಾಲಿ ಡಬ್ಬಿಗಳಿದ್ದಂತೆ. ನಾವು ಈ ಹಲಗೆಗೆ ಹಾಳೆ ಅಂಟಿಸಿದ ಹಾಗೆ ಅವುಗಳ ಮೈಮೇಲೆ ಚಿತ್ರ ಅಂಟಿಸಿರುತ್ತಾರೆ. ಅದಕ್ಕೆ ಟೆಕ್ಸ್ಚರ್ ಎನ್ನುತ್ತಾರೆ. ಎಷ್ಟೋ ಗೇಮುಗಳಲ್ಲಿ ಅವು ಡಿಡಿಎಸ್ ಎಂಬ ಫೈಲಿನಲ್ಲಿರುತ್ತವೆ. ಇದನ್ನು ಮೈಕ್ರೋಸಾಫ್ಟ್ ಕಂಪನಿ 1999ರಲ್ಲಿ ತಂದಿತು.

ಇದರಲ್ಲಿ ಗಣಿತವೂ ಇದೆ. ಉದ್ದ 4, ಅಗಲ 4, ಒಟ್ಟು 16 ಚುಕ್ಕೆಗಳ ಒಂದು ಚೌಕ. ಚುಕ್ಕೆಗೆ 3 ಬೈಟ್‌ನಂತೆ 48 ಬೈಟ್ ಬೇಕು. ಡಿಎಕ್ಸ್‌ಟಿ1 ಎಂಬ ವಿಧಾನದಲ್ಲಿ ಎರಡೇ ಬಣ್ಣ ಬರೆದಿಟ್ಟು, ನಡುವಿನ ಬಣ್ಣ ಲೆಕ್ಕ ಹಾಕಿ, 8 ಬೈಟ್‌ನಲ್ಲಿ ಮುಗಿಸುತ್ತಾರೆ. ಆರರಲ್ಲಿ ಒಂದು ಪಾಲು!

ನಾನು ಜಾಣನಂತೆ ಫೈಲಿನ ಹೆಸರಿನ ಕೊನೆಗೆ ಪಿಎನ್‌ಜಿ ಎಂದು ಬದಲಿಸಿದೆ. ತೆರೆಯಲಿಲ್ಲ. ಅಣ್ಣ ನಕ್ಕು, "ಜೋಳದ ಚೀಲದ ಮ್ಯಾಲೆ ಶೇಂಗಾ ಅಂತ ಬರದ್ರ ಒಳಗ ಶೇಂಗಾ ಆಗ್ತೈತೇನಲೇ?" ಅಂದ. ಆಮೇಲೆ ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಎಕ್ಸ್‌ಪೋರ್ಟ್ ಒತ್ತಿ ಪಿಎನ್‌ಜಿ ಮಾಡಿದ. ಕಲ್ಲಿನ ಗೋಡೆ ಕಣ್ಣಮುಂದೆ ಬಂತು.

ಆಗ ನನಗೆ ನಮ್ಮಜ್ಜನ ನೆನಪಾಯಿತು. ಕೊಟ್ಟೂರು ತೇರಿನಲ್ಲಿ ತೆಗೆಸಿದ್ದ ಅವರ ಒಂದೇ ಫೋಟೋವನ್ನು ಗೆದ್ದಲು ತಿಂದಿತ್ತು. ಅದಕ್ಕೂ ಮೊದಲೇ ತಿಥಿಯ ಫ್ಲೆಕ್ಸ್‌ಗಾಗಿ ಒಂದು ಅಂಗಡಿಯವರು ಸ್ಕ್ಯಾನ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಿದ್ದರು. ಅದು ಪಿಎಸ್‌ಡಿ ಫೈಲು. ಮನೆಯ ಮೊಬೈಲಿನಲ್ಲಿ ತೆರೆಯಲೇ ಇಲ್ಲ. ಅಂಗಡಿಯೂ ಮುಚ್ಚಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ಇದರಾಗ ಅದಾರ, ಮುಖ ಮಾತ್ರ ಕಾಣವಲ್ದು" ಅಂತ ಅಜ್ಜಿ ಆ ಪೆನ್‌ಡ್ರೈವ್ ಹಿಡಿದು ಕೂರುತ್ತಿದ್ದಳು. ಮುಂದಿನ ವಾರ ಅದನ್ನೂ ಗಿಂಪ್‌ನಲ್ಲೇ ತೆರೆದೆವು. ಈಗ ಅಜ್ಜನ ಫೋಟೋ ದೇವರ ಕೋಣೆಯ ಪಕ್ಕದಲ್ಲಿದೆ.

ಅದಕ್ಕೇ ನಾನು ಹೇಳುವುದಿಷ್ಟು. ಅಂಗಡಿಯಲ್ಲಿ ಫೋಟೋ ಮಾಡಿಸಿದರೆ ಪಿಎನ್‌ಜಿ ಅಥವಾ ಜೆಪೆಗ್ ಪ್ರತಿಯನ್ನೂ ಕೇಳಿ ಪಡೆಯಿರಿ. ಜೆಪೆಗ್ ತಿದ್ದಿ ತಿದ್ದಿ ಉಳಿಸಿದರೆ ಚಿತ್ರ ಸವೆಯುತ್ತದೆ, ಪಿಎನ್‌ಜಿ ಸವೆಯುವುದಿಲ್ಲ. ಪರಿವರ್ತಿಸಿದ ಮೇಲೂ ಮೂಲ ಫೈಲು ಅಳಿಸಬೇಡಿ. ಡಿಡಿಎಸ್ ಮಾಡುವಾಗ ಕಳೆದುಹೋದ ಬಣ್ಣ ಪಿಎನ್‌ಜಿ ಮಾಡಿದರೆ ವಾಪಸ್ ಬರುವುದಿಲ್ಲ. ಇನ್ನೊಂದು ಮಾತು. ಗೇಮಿನ ಚಿತ್ರ ಬರೆದವರು ಬೇರೆಯವರು. ನೋಡಿ ಕಲಿಯೋಣ, ನಮ್ಮದೆಂದು ಹೇಳಿಕೊಳ್ಳುವುದು ಬೇಡ.

ಗುರುಗಳಲ್ಲಿ ಒಂದು ವಿನಂತಿ. ವಾರಕ್ಕೊಂದು ಪೀರಿಯಡ್ ಇದನ್ನು ಕಲಿಸಿರಿ. ಊರಲ್ಲಿ ಇಂಥ ಬೀಗ ಬಿದ್ದ ಫೋಟೋಗಳು ಇನ್ನೂ ಎಷ್ಟಿವೆಯೋ! ನಾವೇ ಮನೆ ಮನೆಗೆ ಹೋಗಿ ತೆರೆದು ಕೊಡುತ್ತೇವೆ.

ನೀವೇನಂತೀರಿ?

— 9ನೇ ತರಗತಿಯ ಒಬ್ಬ ವಿದ್ಯಾರ್ಥಿ