ನಿಂತ ಗಾಡಿ, ಉರಿಯುವ ಕಾಸು

ದಾವಣಗೆರೆಯ ವ್ಯಾಪಾರಿ ಲೆಕ್ಕದಲ್ಲಿ ಗಟ್ಟಿ. ಮಂಡಿಪೇಟೆಯಲ್ಲಿ ತಕ್ಕಡಿ ಮುಂದೆ ನಿಂತರೆ ನೂರು ಗ್ರಾಂ ಆಚೀಚೆ ಆಗಲು ಬಿಡುವವನಲ್ಲ. ರಾತ್ರಿ ಬಾಗಿಲು ಎಳೆಯುವ ಮುಂಚೆ ಗಲ್ಲಾ ಎಣಿಸಿ, ಎರಡು ರೂಪಾಯಿ ಕಮ್ಮಿ ಬಿದ್ದರೂ ಹುಡುಗನನ್ನು ಕರೆದು ಕೇಳುತ್ತಾನೆ. ಆದರೆ ಸ್ವಾಮಿ, ಅದೇ ಅಂಗಡಿ ಮುಂದೆ ಲಗೇಜ್ ಆಟೋ ಎಂಜಿನ್ ಆರಿಸದೆ ಹದಿನೈದು ನಿಮಿಷ ಗುರುಗುಟ್ಟುತ್ತಾ ಮೂಟೆ ಇಳಿಸುತ್ತಿದ್ದರೆ, ಆ ಸದ್ದು ಮಾತ್ರ ಅವನ ಕಿವಿಗೆ ಬೀಳುವುದೇ ಇಲ್ಲ.

ಅಲ್ಲಿ ಉರಿಯುತ್ತಿರುವುದು ಯಾರ ದುಡ್ಡು? ಆಟೋದವನು ಬಾಡಿಗೆಗೆ ಸೇರಿಸುತ್ತಾನೆ. ಸಾಹುಕಾರರು ಸರಕಿನ ಬೆಲೆಗೆ ಸೇರಿಸುತ್ತಾರೆ. ಕೊನೆಗೆ ತೆರುವವನು ಕೈಚೀಲ ಹಿಡಿದು ಬಸ್ಸಿಗೆ ಕಾಯುವ ಬಡಪಾಯಿ.

‘ಬೆಲೆ ಏರಿಸುವವರು ಮೇಲೆ ಕೂತಿದ್ದಾರೆ, ನಮ್ಮನ್ನೇನು ಕೇಳ್ತೀರಿ?’ ಎನ್ನಬಹುದು. ನಿಜವೇ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಪೆಟ್ರೋಲ್ ಒಂದೇ ಏಟಿಗೆ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. ಅದನ್ನು ಕೇಳಬೇಕು, ಬಯ್ಯಬೇಕು. ಆದರೆ ಬೈದ ಮಾತ್ರಕ್ಕೆ ಟ್ಯಾಂಕು ತುಂಬುವುದಿಲ್ಲ. ನಮ್ಮ ಕೈಯಲ್ಲಿರುವ ಬೀಗದ ಕೈ ತಿರುಗಿಸುವುದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.

ಬೆರಳು ಮಡಚಿ ಲೆಕ್ಕ ಹಾಕಿ. ಸಣ್ಣ ಕಾರಿನ ಎಂಜಿನ್ ನಿಂತಲ್ಲೇ ಒಂದು ಗಂಟೆ ಓಡಿದರೆ ಸುಮಾರು ಅರ್ಧ ಲೀಟರ್ ಕುಡಿಯುತ್ತದೆ, ಎ.ಸಿ. ಹಾಕಿದರೆ ಇನ್ನೂ ಜಾಸ್ತಿ. ದಿನಕ್ಕೆ ಹತ್ತು ನಿಮಿಷ ಹೀಗೆ ನಿಂತರೂ ತಿಂಗಳ 26 ಕೆಲಸದ ದಿನಕ್ಕೆ ನಾಲ್ಕು ಗಂಟೆ ಮೀರುತ್ತದೆ. ಎರಡು ಲೀಟರಿಗೂ ಮೇಲೆ ಪೆಟ್ರೋಲ್, ಒಂದು ಗಜ ದೂರವೂ ಹೋಗದೆ! ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂದರು ಹಿರಿಯರು. ನಿಂತು ಉರಿದರೆ ಟ್ಯಾಂಕು ಸಾಲುತ್ತದೆಯೇ?

ದ್ವಿಚಕ್ರದವರ ಲೆಕ್ಕ ಬೇರೆ. ದಿನಕ್ಕೆ 30 ಕಿಲೋಮೀಟರ್ ಓಡಾಟ, ಲೀಟರಿಗೆ 45 ಕಿಲೋಮೀಟರ್ ಮೈಲೇಜ್ ಎಂದಿಟ್ಟುಕೊಳ್ಳಿ. ಪೆಟ್ರೋಲಿಗೆ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 1,700 ರೂಪಾಯಿಗೂ ಮೇಲೆ ಖರ್ಚು. ಹತ್ತರಲ್ಲಿ ಒಂದು ಪಾಲು ಉಳಿಸಿದರೆ ವರ್ಷಕ್ಕೆ ಎರಡು ಸಾವಿರ. ಮಕ್ಕಳ ಪುಸ್ತಕಕ್ಕಾದರೂ ಆಯ್ತಲ್ಲ!

ಉಳಿಸುವುದು ಬ್ರಹ್ಮವಿದ್ಯೆಯೇನಲ್ಲ. ಸಿಗ್ನಲಿನಲ್ಲಿ ಅರ್ಧ ನಿಮಿಷ ಬಾಕಿ ಇದ್ದರೆ ಎಂಜಿನ್ ಆರಿಸಿ. ರೈಲ್ವೆ ಗೇಟು ಬಿದ್ದರಂತೂ ಕೇಳುವುದೇ ಬೇಡ. ಕ್ಲಚ್ ಮೇಲೆ ಕಾಲು, ಲಿವರ್ ಮೇಲೆ ಬೆರಳು ಇಟ್ಟುಕೊಂಡೇ ಓಡಿಸಬೇಡಿ. ಜಾಡಿಸಿ ಓಡಿಸಿ ಮುಂದಿನ ಸರ್ಕಲಿನಲ್ಲಿ ಗಕ್ಕನೆ ಬ್ರೇಕ್ ಹಾಕುವ ಶೂರರಿದ್ದಾರೆ. ಗಾಂಧಿ ಸರ್ಕಲಿನಲ್ಲಿ ಅವರ ಪಕ್ಕಕ್ಕೇ ಬಂದು ನಿಲ್ಲುತ್ತಾನೆ ನಿಧಾನಸ್ಥ. 1978ರಲ್ಲಿ ಕೇಂದ್ರ ಸರ್ಕಾರ ಹುಟ್ಟುಹಾಕಿದ ಪೆಟ್ರೋಲಿಯಂ ಸಂರಕ್ಷಣಾ ಸಂಸ್ಥೆ ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲೇ ಹೆಚ್ಚು ಮೈಲೇಜ್ ಎಂದು ಹೇಳುತ್ತಲೇ ಬಂದಿದೆ. ಕೇಳಿದವರೆಷ್ಟು?

ಒಂದು ಎಚ್ಚರಿಕೆ. ಇಳಿಜಾರಿನಲ್ಲಿ ಎಂಜಿನ್ ಆರಿಸಿ ಜಾರಿಸಿಕೊಂಡು ಹೋಗುವುದು ಉಳಿತಾಯವಲ್ಲ, ಮೂರ್ಖತನ. ಕಾರಿನ ಬ್ರೇಕ್ ಬಿಗಿಯಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಈಗಿನ ಗಾಡಿಗಳಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ತಾನೇ ಪೆಟ್ರೋಲ್ ಎಳೆಯುವುದನ್ನು ನಿಲ್ಲಿಸುತ್ತದೆ. ನಾಲ್ಕು ಹನಿಗೆ ಜೀವ ಒತ್ತೆ ಇಡಬೇಡಿ.

ಇನ್ನು ಗಾಳಿ. ಟೈರಿನಲ್ಲಿ ಗಾಳಿ ಕಮ್ಮಿಯಾದರೆ ಎಂಜಿನ್ನಿಗೆ ಎಳೆತ ಹೆಚ್ಚು, ಪೆಟ್ರೋಲ್ ಹೆಚ್ಚು, ಟೈರೂ ಬೇಗ ಸವೆಯುತ್ತದೆ. ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ ನೋಡಿಸಬೇಕು. ಬಂಕಿನಲ್ಲಿ ಪುಕ್ಕಟೆ ಗಾಳಿ ಕೊಡುವುದು ಉಪಕಾರವಲ್ಲ, ನಿಯಮ. ‘ಮಷೀನ್ ಕೆಟ್ಟಿದೆ’ ಎಂಬ ಬೋರ್ಡು ಕಂಡರೆ ತಲೆ ತಗ್ಗಿಸಿ ಹೊರಡಬೇಡಿ, ಅಲ್ಲೇ ದೂರು ಪುಸ್ತಕ ಕೇಳಿ.

ಬಸ್ಸಿನ ಪ್ರಯಾಣಿಕರು ‘ನಮಗೆ ಗಾಡಿಯೇ ಇಲ್ಲ, ನಮಗ್ಯಾಕೆ ಈ ಪುರಾಣ?’ ಎನ್ನಬೇಡಿ. 2025ರ ಜನವರಿಯಲ್ಲಿ ಸರ್ಕಾರಿ ಬಸ್ ಟಿಕೆಟ್ ಶೇಕಡಾ 15 ಏರಿದಾಗ ಕೊಟ್ಟ ಕಾರಣಗಳಲ್ಲಿ ಡೀಸೆಲ್ ಖರ್ಚೂ ಒಂದು. ಬಸ್ ನಿಲ್ದಾಣದಲ್ಲಿ ಕಂಡಕ್ಟರು ಟೀ ಮುಗಿಸಿ ಬರುವವರೆಗೂ ಹೊಗೆ ಕಾರುತ್ತಾ ನಿಂತ ಬಸ್ಸು, ಸರ್ಕಾರಿಯಾಗಲಿ ಖಾಸಗಿಯಾಗಲಿ, ನಿಮ್ಮ ಜೇಬನ್ನೇ ಸುಡುತ್ತಿದೆ. ಮೂಗು ಮುಚ್ಚಿಕೊಂಡು ಕೂರುವ ಬದಲು ‘ಸ್ವಲ್ಪ ಆಫ್ ಮಾಡ್ರಪ್ಪಾ’ ಎಂದು ಕೇಳಿದರೆ ತಪ್ಪೇನು?

ಜನ ಮಾತ್ರ ತಿದ್ದಿಕೊಂಡರೆ ಸಾಲದು. ರಸ್ತೆ ಗುಂಡಿಯಾದರೆ ಎಂಥ ಜಾಣನೂ ಫಸ್ಟ್ ಗೇರಿಗೆ ಬರಲೇಬೇಕು. ಸಿಗ್ನಲಿನ ಸೆಕೆಂಡು ತೋರಿಸುವ ದೀಪ ಸತ್ತಿದ್ದರೆ ಎಂಜಿನ್ ಆರಿಸುವ ಧೈರ್ಯ ಯಾರಿಗೆ ಬಂದೀತು? ಚೌಕಿಪೇಟೆ, ಮಂಡಿಪೇಟೆಗಳಲ್ಲಿ ಸರಕು ಇಳಿಸಲು ಬೆಳಗಿನ ಹೊತ್ತನ್ನು ಗೊತ್ತು ಮಾಡಿ, ಅದನ್ನು ಕಟ್ಟುನಿಟ್ಟಾಗಿ ನಡೆಸಿದರೆ ಅರ್ಧ ಗದ್ದಲ ತಾನೇ ಕರಗುತ್ತದೆ. ಪಾಲಿಕೆಯವರು, ಸಂಚಾರ ಪೊಲೀಸರು, ವರ್ತಕರ ಸಂಘದವರು ಒಂದು ಮಧ್ಯಾಹ್ನ ಒಟ್ಟಿಗೆ ಕೂತರೆ ಮುಗಿಯುವ ಕೆಲಸವಿದು.

ಅವರು ಕೂರುವವರೆಗೆ ವ್ಯಾಪಾರಿಗಳು ಒಂದು ಕೆಲಸ ಮಾಡಲಿ. ನಾಳೆ ಅಂಗಡಿ ಮುಂದೆ ಆಟೋ ಬಂದು ನಿಂತ ಕೂಡಲೇ ಹುಡುಗನಿಗೆ ಹೇಳಿ: ‘ಮೊದಲು ಎಂಜಿನ್ ಆರಿಸು ಅನ್ನು, ಆಮೇಲೆ ಮೂಟೆ ಇಳಿಸು.’