ಮೋರಿ ಅನ್ನಬೇಡಿ, ಹಳ್ಳ ಅನ್ನಿ



ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಕಡೆ ಓಡಾಡುವಾಗ ಎರಡೂ ಬದಿ ಗೋಡೆ ಕಟ್ಟಿದ, ಕಪ್ಪು ನೀರು ಹರಿಯುವ ದೊಡ್ಡ ಕಾಲುವೆಗಳನ್ನು ನೀವು ನೋಡಿರುತ್ತೀರಿ. ಅವುಗಳನ್ನು ಏನೆಂದು ಕರೆಯುತ್ತೀರಿ? ಹೆಚ್ಚಿನವರು ‘ದೊಡ್ಡ ಮೋರಿ’ ಎನ್ನುತ್ತೀರಿ. ಸರ್ಕಾರಿ ಕಾಗದಗಳಲ್ಲಿ ಅದಕ್ಕೆ ‘ರಾಜಕಾಲುವೆ’ ಎಂದು ಹೆಸರು. ಆದರೆ ಇವುಗಳಲ್ಲಿ ಬಹಳಷ್ಟು ಮೂಲತಃ ಹಳ್ಳಗಳು. ಅವನ್ನು ಹಳ್ಳ ಎಂದೇ ಕರೆಯಬೇಕು ಎಂಬುದು ನನ್ನ ಅಭಿಪ್ರಾಯ. ಇದು ಬರೀ ಹೆಸರಿನ ವಿಷಯವಲ್ಲ, ವಿಜ್ಞಾನದ ವಿಷಯವೂ ಹೌದು.

ಮೊದಲು ಪದವನ್ನೇ ನೋಡೋಣ. ಕನ್ನಡದಲ್ಲಿ ‘ಹಳ್ಳ’ ಎಂದರೆ ತಗ್ಗು. ‘ಹಳ್ಳ’ ಎಂದರೆ ಸಣ್ಣ ತೊರೆಯೂ ಹೌದು. ಒಂದೇ ಪದಕ್ಕೆ ಎರಡು ಅರ್ಥ ಏಕೆ? ನೀರು ತಗ್ಗನ್ನು ಹುಡುಕಿಕೊಂಡೇ ಹರಿಯುತ್ತದೆ ಎಂಬುದನ್ನು ನಮ್ಮ ಹಿರಿಯರು ಕಂಡಿದ್ದರು. ತಗ್ಗು ಬೇರೆ, ತೊರೆ ಬೇರೆ ಎಂದು ಅವರಿಗೆ ಅನ್ನಿಸಲಿಲ್ಲ. ನಿಮ್ಮ ತರಗತಿಯಲ್ಲಿ ಮನೆಯಲ್ಲಿ ತಮಿಳು ಮಾತನಾಡುವ ಗೆಳೆಯರಿದ್ದರೆ ಕೇಳಿ. ಅವರು ತಗ್ಗಿಗೆ ‘ಪಳ್ಳಂ’ ಎನ್ನುತ್ತಾರೆ. ತಮಿಳಿನ ಪಾಲ್ ಕನ್ನಡದಲ್ಲಿ ಹಾಲು, ಪುಲಿ ನಮ್ಮಲ್ಲಿ ಹುಲಿ. ಹಾಗೆಯೇ ಪಳ್ಳಂ ಮತ್ತು ಹಳ್ಳ ಒಂದೇ ಬೇರಿನ ಪದಗಳು.

ಈಗ ವಿಜ್ಞಾನಕ್ಕೆ ಬರೋಣ. ಹೊಳೆ, ಹಳ್ಳಗಳ ನೀರು ಹರಿಯುವ ಜಾಗವನ್ನು ‘ಪಾತ್ರ’ ಎಂದು ಪಾಠದಲ್ಲಿ ಓದಿದ್ದೀರಿ. ಪಾತ್ರದ ತಳ ಎಲ್ಲೆಡೆ ಸಮನಾಗಿರುವುದಿಲ್ಲ. ಹರಿವಿನ ಉದ್ದಕ್ಕೂ ಅತಿ ಆಳವಾದ ಬಿಂದುಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದರೆ ಒಂದು ಗೆರೆ ಸಿಗುತ್ತದೆ. ಭೂಗೋಳ ಶಾಸ್ತ್ರದಲ್ಲಿ ಆ ಗೆರೆಯ ಹೆಸರು ‘ಥಾಲ್ವೆಗ್’. ಇದು ಜರ್ಮನ್ ಪದ. ಥಾಲ್ ಎಂದರೆ ಕಣಿವೆ, ವೆಗ್ ಎಂದರೆ ದಾರಿ. ನಾವು ಇದನ್ನು ‘ತಗ್ಗುಗೆರೆ’ ಎಂದು ಕರೆಯೋಣ.

ತಗ್ಗುಗೆರೆ ಯಾವಾಗಲೂ ಪಾತ್ರದ ನಡುವೆಯೇ ಇರುವುದಿಲ್ಲ. ತಿರುವಿನಲ್ಲಿ ನೀರು ಹೊರದಡದ ಕಡೆ ಜೋರಾಗಿ ಹರಿದು ತಳವನ್ನು ಕೊರೆಯುತ್ತದೆ. ಹಾಗಾಗಿ ಅಲ್ಲಿ ಆಳ ಹೆಚ್ಚು. ಒಳದಡದ ಕಡೆ ಮರಳು ನಿಲ್ಲುತ್ತದೆ. ಬೇಸಿಗೆಯಲ್ಲಿ ಹಳ್ಳ ಬತ್ತುತ್ತಾ ಬಂದಾಗ ಕೊನೆಗೆ ಉಳಿಯುವ ಸಣ್ಣ ಹರಿವು ಈ ತಗ್ಗುಗೆರೆಯಲ್ಲೇ ಇರುತ್ತದೆ. ಎರಡು ದೇಶಗಳ ನಡುವೆ ದೋಣಿ ಸಾಗುವಂಥ ನದಿ ಹರಿಯುವ ಕಡೆ ಎಷ್ಟೋ ಬಾರಿ ಈ ಗೆರೆಯನ್ನೇ ಗಡಿಯೆಂದು ಒಪ್ಪಿಕೊಳ್ಳುವುದುಂಟು.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿ ಸೇರುತ್ತದೆ. ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಹಲಸೂರು ಕೆರೆ ಕೋಡಿ ಬಿದ್ದರೆ ಆ ನೀರು ದೊಮ್ಮಲೂರು, ಚಲ್ಲಘಟ್ಟದ ಕಡೆ ಇಳಿದು ಬೆಳ್ಳಂದೂರು ಕೆರೆ ಸೇರುತ್ತದೆ. ಅಲ್ಲಿಂದ ವರ್ತೂರು ಕೆರೆ, ಆಮೇಲೆ ದಕ್ಷಿಣ ಪಿನಾಕಿನಿ. ಹೆಬ್ಬಾಳದ ಕಡೆಯ ನೀರು ನಾಗವಾರ, ರಾಂಪುರ ದಾಟಿ ಕೆ.ಆರ್. ಪುರದ ಬಳಿಯ ಎಲೆಮಲ್ಲಪ್ಪ ಶೆಟ್ಟಿ ಕೆರೆಗೆ ಬಂದು ಅದೇ ನದಿಯನ್ನು ಸೇರುತ್ತದೆ. ತಮಿಳುನಾಡಿನಲ್ಲಿ ಈ ನದಿಗೆ ತೆನ್ಪೆಣ್ಣೈ ಎಂದು ಹೆಸರು. ಕಡಲೂರಿನ ಬಳಿ ಅದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನೋಡಿ, ನಿಮ್ಮ ಶಾಲೆಯ ಅಂಗಳದ ಮಳೆನೀರಿಗೆ ಸಮುದ್ರದವರೆಗೂ ದಾರಿಯಿದೆ!

ಹಿಂದಿನವರು ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ಕೆರೆ ಕಟ್ಟಿದರು. ಒಂದು ಕೆರೆ ತುಂಬಿದರೆ ಕೋಡಿಯ ನೀರು ಮುಂದಿನ ಕೆರೆಗೆ ಹೋಗುತ್ತಿತ್ತು. ಅವರು ತಗ್ಗುಗೆರೆಯನ್ನು ಬಳಸಿಕೊಂಡರೇ ಹೊರತು ಅಳಿಸಲಿಲ್ಲ.

ಮೋರಿಗೂ ಹಳ್ಳಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಮೋರಿ ಮನುಷ್ಯ ಕಟ್ಟಿದ್ದು. ಬೇಡವಾದರೆ ಮುಚ್ಚಬಹುದು, ಪಕ್ಕಕ್ಕೆ ಸರಿಸಬಹುದು. ಹಳ್ಳ ಸಾವಿರಾರು ವರ್ಷ ನೀರು ಹರಿದು ನೆಲದಲ್ಲಿ ಮೂಡಿದ್ದು. ಅದರ ಮೇಲೆ ಚಪ್ಪಡಿ ಹಾಸಬಹುದು, ಮನೆ ಕಟ್ಟಬಹುದು. ಆದರೆ ಸುತ್ತಲ ನೆಲ ಅದರ ಕಡೆಗೇ ಇಳಿಜಾರಾಗಿರುತ್ತದೆ. ಜೋರು ಮಳೆ ಬಂದಾಗ ನೀರು ಹಳೆಯ ದಾರಿಗೇ ಬರುತ್ತದೆ.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಹೀಗೆಯೇ ಆಯಿತು. ಭಾರಿ ಮಳೆಗೆ ಬೆಳ್ಳಂದೂರು, ಯಮಲೂರು, ಮಹದೇವಪುರದ ಕಡೆ ಮನೆಗಳಿಗೆ ನೀರು ನುಗ್ಗಿತು. ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಕರೆತರಬೇಕಾಯಿತು. ಬಡವರ ಶೆಡ್ಡಿಗೂ ನೀರು ಬಂತು, ಕೋಟಿ ಬೆಲೆಯ ಬಂಗಲೆಗೂ ಬಂತು. ಅಂದು ಸುರಿದ ಮಳೆ ಹೆಚ್ಚೇ ಇತ್ತು, ನಿಜ. ಆದರೆ ನೀರು ಹೋಗುವ ದಾರಿ ಕಿರಿದಾಗಿತ್ತು, ನೀರು ಇಂಗುವ ಮಣ್ಣನ್ನು ಸಿಮೆಂಟು ಮುಚ್ಚಿತ್ತು.

“ಏನೆಂದು ಕರೆದರೇನು ಸಾರ್, ಅದರಲ್ಲಿ ಹರಿಯುವುದು ಕೊಚ್ಚೆಯೇ ಅಲ್ಲವೇ?” ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ಕೊಚ್ಚೆ ನಾವು ಬಿಟ್ಟದ್ದು, ಹಳ್ಳ ಮೊದಲಿನಿಂದ ಇದ್ದದ್ದು. ಮೋರಿ ಎಂದುಕೊಂಡ ಕೂಡಲೇ ಕಸದ ಚೀಲ ಎಸೆಯಲು ನಮ್ಮ ಕೈ ಹಿಂಜರಿಯುವುದಿಲ್ಲ. ಹಳ್ಳ ಎಂದುಕೊಂಡರೆ ಇದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಹೆಸರು ನೆನಪನ್ನೂ ಉಳಿಸುತ್ತದೆ. ದಂಡು ಪ್ರದೇಶದ ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆಯ ಹೆಸರಿನ ಅರ್ಥ ‘ಮಿಲ್ಲರ್ ಕೆರೆ ಏರಿ ರಸ್ತೆ’. ಕೆರೆ ಈಗಿಲ್ಲ. ಅಲ್ಲೊಂದು ಕೆರೆ ಇತ್ತೆಂದು ಹೇಳುವ ಆ ಹೆಸರು ಮಾತ್ರ ಉಳಿದಿದೆ.

ನೀವೇ ಮಾಡಿ ನೋಡಿ: ಮಳೆ ಬರುವಾಗ ಶಾಲೆಯ ಜಗಲಿಯಲ್ಲೇ ನಿಂತು ಅಂಗಳದ ನೀರು ಯಾವ ಕಡೆ ಹರಿಯುತ್ತದೆ ಎಂದು ಗಮನಿಸಿ. ಮಳೆ ನಿಂತ ಮೇಲೆ ಕೊನೆಯವರೆಗೂ ಒದ್ದೆಯಾಗಿರುವ ಜಾಗಗಳನ್ನು ಸುಣ್ಣದ ಪುಡಿಯಿಂದ ಗುರುತಿಸಿ. ಅವನ್ನು ಸೇರಿಸಿದರೆ ನಿಮ್ಮ ಅಂಗಳದ ತಗ್ಗುಗೆರೆ ಸಿಗುತ್ತದೆ. ನಕ್ಷೆ ಬರೆದು ಗೋಡೆಗೆ ಅಂಟಿಸಿ. ಮಳೆಯಲ್ಲಿ ರಾಜಕಾಲುವೆಯ ಹತ್ತಿರ ಮಾತ್ರ ಹೋಗಲೇಬೇಡಿ. ಅಲ್ಲಿ ನೀರು ಕ್ಷಣದಲ್ಲಿ ಏರುತ್ತದೆ.

ಮುಂದೆ ನೀವು ದೊಡ್ಡವರಾಗಿ ಎಂಜಿನಿಯರ್ ಆಗಬಹುದು, ಗಾರೆ ಕೆಲಸ ಕಲಿಯಬಹುದು, ಸೈಟು ಕೊಳ್ಳಬಹುದು. ಯಾವುದೇ ಕಟ್ಟಡಕ್ಕೆ ಪಾಯ ತೋಡುವ ಮೊದಲು ಒಂದು ಪ್ರಶ್ನೆ ಕೇಳಿ: “ಇಲ್ಲಿ ಹಳ್ಳ ಎಲ್ಲಿದೆ?”