ಕೋಟೆ ಕಾಯುವ ಆಟಕ್ಕೆ ಕಿತ್ತೂರಿನ ಪಟ್ಟುಗಳು



ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ತರುಣನೊಬ್ಬನು ಕಂಪ್ಯೂಟರಿನಲ್ಲಿ ಆಡುವ ವಿಡಿಯೋ ಆಟವೊಂದನ್ನು ಸ್ವತಃ ರೂಪಿಸುತ್ತಿದ್ದಾನೆ. ಕೋಟೆಯ ನೆಲಮಾಳಿಗೆಯಲ್ಲಿ ಖಜಾನೆ. ಅದನ್ನು ಮುಟ್ಟಲು ಇಕ್ಕಟ್ಟಾದ ದಾರಿಗಳು. ಆ ದಾರಿಗಳಲ್ಲಿ ಅಲೆಅಲೆಯಾಗಿ ನುಗ್ಗುವ ವೈರಿಗಳು. ಆಟಗಾರನು ತಿರುವುಗಳಲ್ಲಿ ಬಿಲ್ಲುಗಾರರನ್ನೂ ತೋಪುಗಳನ್ನೂ ನಿಲ್ಲಿಸಿ ಖಜಾನೆಯನ್ನು ಉಳಿಸಿಕೊಳ್ಳಬೇಕು. ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದು ಬಂದವನು, “ಕಾಕಾ, ಎಲ್ಲಾರ ಆಟಾನೂ ಹಿಂಗ ಅದಾವ. ಹೊಸಾ ಪಟ್ಟು ಏನರ ಇದ್ರ ಹೇಳ್ರಿ” ಎಂದನು. ಆಡಿ ನೋಡಿದೆವು. ತೋಪುಗಳನ್ನು ಹೆಚ್ಚಿಸುತ್ತ ಹೋದರೆ ಸಾಕು, ಗೆಲುವು ತಾನಾಗಿಯೇ ಬರುತ್ತದೆ. ಕೋಟೆಗಳು ಇಷ್ಟು ಸುಲಭವಾಗಿ ಉಳಿಯುವುದಾಗಿದ್ದರೆ ಕಿತ್ತೂರು ಬಿದ್ದುದೇಕೆಂದು ಕೇಳಿದೆವು. ಅವನು ಸುಮ್ಮನಾದನು.

ಕಿತ್ತೂರಿನ ಜಗಳವೂ ಖಜಾನೆಯ ಬಾಗಿಲಿಗೆ ಬಂದು ಮುಟ್ಟಿದ್ದೇ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜ ದೇಸಾಯಿಯವರು ಲಿಂಗೈಕ್ಯರಾದ ಬಳಿಕ, ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ದತ್ತಕವನ್ನು ಒಪ್ಪದೆ ಖಜಾನೆಗೆ ಮೊಹರು ಹಾಕಿಸಿದನು. ಅಕ್ಟೋಬರ್ 23ರಂದು ಕೋಟೆಯ ಕದವನ್ನು ಒಡೆಯಲು ತೋಪುಗಳನ್ನು ಮುಂದಕ್ಕೆ ತರಿಸಿದನು. ಆಗ ಒಳಗಿನವರು ತಾವೇ ಕದ ತೆರೆದು ಹೊರಗೆ ನುಗ್ಗಿ ಮೇಲೆ ಬಿದ್ದರು. ಥ್ಯಾಕರೆ ಆ ಕಾಳಗದಲ್ಲಿ ಮಡಿದನು.

ನಾವು ಸೂಚಿಸಿದ ಮೊದಲ ಪಟ್ಟು ಇದೇ. ತರುಣನ ಆಟದಲ್ಲಿ ಬಾಗಿಲು ಮುಚ್ಚಿಯೇ ಇರುತ್ತದೆ. ಅದನ್ನು ತೆರೆಯುವ ಅಧಿಕಾರ ಆಟಗಾರನಿಗಿಲ್ಲ. ಮೂರು ಅಲೆಗಳಿಗೊಮ್ಮೆ ಆ ಅಧಿಕಾರ ಕೊಡಬೇಕು. ವೈರಿಯು ತೋಪನ್ನು ಹೂಡುತ್ತಿರುವ ಗಳಿಗೆಯಲ್ಲಿ ತೆರೆದರೆ ಅವನ ಸಾಲು ಚದರಬೇಕು. ತಡವಾಗಿ ತೆರೆದರೆ ಅವನೇ ಒಳಗೆ ಬರಬೇಕು. ಹೊರಗೆ ಹೋದವರು ಮರಳುವ ಮುನ್ನ ಕದ ಮುಚ್ಚಬೇಕೆ, ಕಾಯಬೇಕೆ ಎಂಬುದನ್ನೂ ಆಟಗಾರನೇ ನಿರ್ಧರಿಸಲಿ. ತರುಣನ ಕಣ್ಣು ಅರಳಿದುದು ಈ ಕೊನೆಯ ಮಾತಿಗೆ.

ಎರಡನೆಯದು ಸೆರೆಯಾಳುಗಳದು. ಅವನ ಆಟದಲ್ಲಿ ವೈರಿಗೆ ಸಾವಲ್ಲದೆ ಬೇರೆ ಗತಿಯಿಲ್ಲ. ಕಿತ್ತೂರಿನಲ್ಲಿ ವಾಲ್ಟರ್ ಇಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಅಧಿಕಾರಿಗಳು ಸೆರೆಸಿಕ್ಕರು. ರಾಣಿ ಚೆನ್ನಮ್ಮನವರು ಅವರ ಜೀವಕ್ಕೆ ಕೇಡು ಬರಗೊಡಲಿಲ್ಲ. (ಇದೇ ಇಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದನು.) ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ನಿಂತಾಗ ಇಬ್ಬರನ್ನೂ ಬಿಟ್ಟುಕೊಟ್ಟರು, ಮುತ್ತಿಗೆ ಮಾತ್ರ ತಪ್ಪಲಿಲ್ಲ. ಆದುದರಿಂದ ಆಟದಲ್ಲಿಯೂ ಸೆರೆಯಾಳು ಇರುವವರೆಗೆ ವೈರಿಯ ಕೈ ಹಿಂಜರಿಯಲಿ, ಆದರೆ ಕೋಟೆಯ ಧಾನ್ಯ ಕರಗಲಿ. ಬಿಟ್ಟರೆ ಸ್ವಲ್ಪ ಬಿಡುವು ಸಿಗಲಿ; ಕೊಟ್ಟ ಮಾತನ್ನು ವೈರಿ ಉಳಿಸಿಕೊಳ್ಳುವನೆಂಬ ಖಾತ್ರಿ ಇರಬಾರದು.

ಮೂರನೆಯದಕ್ಕೆ ನಮ್ಮಿಬ್ಬರಲ್ಲಿ ಜಗಳವೇ ಆಯಿತು. ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆ ಬಿದ್ದಾಗ, ಒಳಗಿನವರೇ ಮದ್ದಿನಲ್ಲಿ ಸಗಣಿ ಬೆರೆಸಿದ್ದರೆಂಬ ಮಾತು ನಮ್ಮ ಭಾಗದ ಜನರ ಬಾಯಲ್ಲಿ ಇಂದಿಗೂ ಉಳಿದಿದೆ. ಹಾಗಾದರೆ ಮದ್ದಿನ ಮನೆಯೂ ಆಟದಲ್ಲಿ ಕೆಡುವಂತಿರಬೇಕು ಎಂದೆವು. “ತೋಪು ಹಾರಲಿಲ್ಲಂದ್ರ ಆಡಾವ್ರಿಗೆ ಸಿಟ್ಟು ಬರತೈತ್ರಿ, ಕಾಕಾ. ಮೋಸಾ ಅಂತಾರ.” ಅವನ ಆಕ್ಷೇಪ ನ್ಯಾಯವಾದುದೇ. ಸುಳಿವಿಲ್ಲದೆ ಬರುವ ಸೋಲು ಆಟವಲ್ಲ. ಆದುದರಿಂದ ಪ್ರತಿ ಅಲೆಗೆ ಮುಂಚೆ ಒಂದು ತೋಪನ್ನು ಹಾರಿಸಿ ಪರೀಕ್ಷಿಸುವ ಅವಕಾಶವಿರಲಿ, ಅದಕ್ಕೆ ಒಂದಿಷ್ಟು ಮದ್ದು ಖರ್ಚಾಗಲಿ ಎಂದು ಒಪ್ಪಂದಕ್ಕೆ ಬಂದೆವು.

ಮರುವಾರ ಅವನು ದ್ರೋಹಿಯ ಚಿತ್ರ ಬರೆದುಕೊಂಡು ಬಂದನು. ರುಮಾಲಿನಿಂದ, ಹಣೆಯ ಗುರುತಿನಿಂದ ಅವನ ಜಾತಿ ಯಾವುದೆಂದು ನೋಡಿದವರಿಗೆ ತಿಳಿಯುವಂತಿತ್ತು. ಇದನ್ನು ಮಾತ್ರ ನಾವು ಕಟುವಾಗಿಯೇ ವಿರೋಧಿಸಿದೆವು. ಹತ್ತು ವರ್ಷದ ಮಗುವು ಆ ಚಿತ್ರವನ್ನು ನೂರು ಸಲ ಹೊಡೆದ ಮೇಲೆ ಮರುದಿನ ಶಾಲೆಯಲ್ಲಿ ತನ್ನ ಪಕ್ಕದ ಹುಡುಗನನ್ನು ಹೇಗೆ ನೋಡೀತು? ದ್ರೋಹಕ್ಕೆ ಮುಖ ಕೊಡಬೇಡ, ಕಾರಣ ಕೊಡು ಎಂದೆವು. ಸಂಬಳ ಸಿಗದ ಕಾವಲುಗಾರನ ಕೈಯಲ್ಲಿ ಮದ್ದು ಕೆಡಲಿ. ಇದು ನಮ್ಮದೇ ಹೊಸ ಕಲ್ಪನೆಯೆಂದು ಹೆಮ್ಮೆಪಟ್ಟೆವು. ಆದರೆ 1997ರಲ್ಲಿಯೇ ಬಂದ ‘ಡಂಜನ್ ಕೀಪರ್’ ಎಂಬ ಇಂಗ್ಲಿಷ್ ಆಟದಲ್ಲಿ ನೆಲಮಾಳಿಗೆಯ ಆಳುಗಳಿಗೆ ಸಂಬಳದ ದಿನವಿದೆ, ಸಂಬಳ ತಪ್ಪಿದರೆ ಅವು ಮುನಿಯುತ್ತವೆ ಎಂದು ತರುಣನೇ ತಿಳಿಸಿದನು.

ಖಜಾನೆ ಹೋದೊಡನೆ ‘ಆಟ ಮುಗಿಯಿತು’ ಎಂಬ ಅಕ್ಷರ ಮೂಡುವುದನ್ನೂ ತೆಗೆಸಿದ್ದೇವೆ. ಕೋಟೆ ಬಿದ್ದು ಐದು ವರ್ಷಗಳ ಮೇಲೆ ಸಂಗೊಳ್ಳಿ ರಾಯಣ್ಣನು ಕಾಡಿನಿಂದ ಕಾದಾಡಿದನಲ್ಲವೆ? 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಗೋಡೆಯೇ ಇಲ್ಲದ ಆ ಹಂತವನ್ನು ಇನ್ನು ಬರೆಯಬೇಕಾಗಿದೆ.

ಕಂಪ್ಯೂಟರಿಗೆ ಇಳಿಸುವ ಮುನ್ನ ಈ ಪಟ್ಟುಗಳನ್ನು ಕಾಗದದ ಮೇಲೆ ಆಡಿ ನೋಡಬಹುದು. ಮನೆಯ ಕಟ್ಟೆಯ ಮೇಲೆ ಕೋಟೆಯ ನಕ್ಷೆ ಬರೆದು, ಹುಣಸೆಬೀಜಗಳನ್ನು ಸೈನಿಕರನ್ನಾಗಿ, ಜೋಳದ ಕಾಳನ್ನು ಮದ್ದನ್ನಾಗಿ ಮಾಡಿಕೊಂಡು ಮೂರು ಸಲ ಆಡಿದೆವು. ಮೊದಲೆರಡು ಸಲ ಬಾಗಿಲು ತೆರೆಯಲು ತಡಮಾಡಿ ನಾವೇ ಸೋತೆವು. ಮೂರನೆಯ ಸಲ ಸಮಯಕ್ಕೆ ಸರಿಯಾಗಿ ತೆರೆದೆವು, ಸೆರೆಯಾಳುಗಳನ್ನೂ ಉಳಿಸಿಕೊಂಡೆವು. ಕಾಳು ಉಳಿಸುವ ಆಸೆಗೆ ಬಿದ್ದು ತೋಪನ್ನು ಮಾತ್ರ ಪರೀಕ್ಷಿಸಿರಲಿಲ್ಲ.